ಕಟ್ಟಿನವನ ಕೋಳಿ

ಆ ಕೋಳಿಯ ಕಾಲು ಮುರಿದೇ ಇರಲಿಲ್ಲ. ಮುರಿದದ್ದು ನನ್ನ ಗಂಡನ ಕಾಲು ಒಂದೇ. ಅದು ಕೂಡದ ಹಾಗೆ ಮಾಡಿದವನು ಮೂಳೆ ಕಟ್ಟುವವನು, ಅವನಿಗೆ ಮಣೆ ಹಾಕಿ ಕೂರಿಸಿದವರು ನಾವು. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಊರಿನವರು ಸೇರಿಸಿಕೊಂಡದ್ದು.

ಮೊನ್ನೆ ಮೊಮ್ಮಗಳು ನನ್ನ ಮಂಡಿಗೆ ಹಚ್ಚಲು ಒಂದು ಸೀಸೆ ಎಣ್ಣೆ ತಂದಳು. ಮಂಡಿ ಸವೆದುಹೋಗಿದೆ ಎಂದು ಕೋಲಾರದ ಡಾಕ್ಟರು ಎಕ್ಸರೇ ತೆಗೆದು ತೋರಿಸಿದ್ದಾರೆ. ಬೇಕೆಂದರೆ ಬೇರೆ ಮಂಡಿ ಕೂರಿಸುತ್ತಾರಂತೆ. ಅದು ಹೆದರಿಕೆ ಎಂದು ಈ ಹುಡುಗಿ ಎಣ್ಣೆ ಹುಡುಕಿಕೊಂಡು ಬಂದಿದ್ದಾಳೆ. ಮುಚ್ಚಳ ತೆಗೆದದ್ದೇ ತಡ, ಹರಳೆಣ್ಣೆಯಲ್ಲಿ ಲಕ್ಕಿ ಸೊಪ್ಪು ಬೆಂದ ಆ ವಾಸನೆ...

"ತಗೊಂಡ್ ಹೋಗೇ ಆಚೆಗೆ" ಅಂದೆ. ಅವಳು ಬಾಯಿ ಬಿಟ್ಟುಕೊಂಡು ನಿಂತಳು. ಪಾಪ, ಅವಳಿಗೇನು ಗೊತ್ತು.

ಆಗ ಯುದ್ಧದ ಕಾಲ. ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ತಳ್ಳಬೇಕಿತ್ತು. ನಾನು ಶ್ರೀನಿವಾಸಪುರದ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾವ ತೀರಿಹೋಗಿದ್ದರು, ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು. ಮಾವಿನ ಸುಗ್ಗಿ ಶುರುವಾದ ವಾರದಲ್ಲೇ ಇವರು ಕಾಯಿ ಕೀಳಲು ಹತ್ತಿ, ಕೊಂಬೆಯ ಸಮೇತ ಕೆಳಗೆ ಬಂದರು. ಬಲಗಾಲು ಮಂಡಿಯ ಕೆಳಗೆ ಎರಡು ತುಂಡಾಗಿತ್ತು.

ಕೋಲಾರದಲ್ಲಿ ದೊಡ್ಡ ಆಸ್ಪತ್ರೆ ಇತ್ತು. ಅಲ್ಲಿಗೆ ಹೋದರೆ ಕಾಲು ಕತ್ತರಿಸುತ್ತಾರೆ ಎಂದು ಊರಿಗೆ ಊರೇ ಹೇಳಿತು. ಕತ್ತರಿಸಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಕಟ್ಟಿನವನಿಗೆ ಹೇಳಿ ಕಳಿಸಿದರು.

ಊರಿನವರು ಅವನನ್ನು ಕಟ್ಟಿನ ತಾತ ಅನ್ನುತ್ತಿದ್ದರು. ನಾನು ಅನ್ನುವುದಿಲ್ಲ. ಬಿಳಿ ಗಡ್ಡ, ಶುಭ್ರವಾದ ಪಂಚೆ, ಮೆತ್ತಗಿನ ಮಾತು. ದುಡ್ಡು ಮುಟ್ಟುತ್ತಿರಲಿಲ್ಲ, ಅದೇ ಅವನ ದೊಡ್ಡ ಹೆಸರು. ಅವನು ಕೇಳುತ್ತಿದ್ದದ್ದು ಒಂದು ಕೋಳಿ. ಮನುಷ್ಯನ ಕಾಲು ಕಟ್ಟುವ ದಿನವೇ ಆ ಕೋಳಿಯ ಕಾಲನ್ನೂ ಮುರಿದು, ಅದೇ ಹಿಟ್ಟು ಮೆತ್ತಿ ಕಟ್ಟಬೇಕು. ಕೋಳಿ ನಡೆದ ದಿನ ಇವರ ಕಟ್ಟನ್ನೂ ಬಿಚ್ಚಬೇಕು. ಆಮೇಲೆ ಕೋಳಿ ಅವನದ್ದು.

"ಕೋಳಿ ಎದ್ರೆ ನಿನ್ ಮಗನೂ ಎದ್ದ ಅಂತ ತಿಳ್ಕೋಮ್ಮ. ಅಷ್ಟೇ. ಬೇರೆ ಲೆಕ್ಕ ಇಲ್ಲ" ಅಂದ ಅತ್ತೆಗೆ.

ಕೋಳಿಯನ್ನು ತೆಗೆದುಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದ. ಹೆಂಗಸರು ನೋಡಬಾರದಂತೆ. ಟಕ್ ಎಂದು ಸದ್ದು ಬಂತು. ಅತ್ತೆ ಕೈ ಮುಗಿದರು. ನಾನೂ ಮುಗಿದೆ. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಯಾವುದೋ ಸೊಪ್ಪು ಕಲಸಿ ಇವರ ಕಾಲಿಗೆ ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಸುತ್ತಿದ. ಕೋಳಿಗೂ ಬೆರಳಷ್ಟು ದಬ್ಬೆ. ಹೊರಡುವಾಗ ಹುಳಿ ಮುಟ್ಟಿಸಬೇಡಿ ಎಂದ. ಮಾವಿನ ಸುಗ್ಗಿಯಲ್ಲಿ!

ಅಂದಿನಿಂದ ನಮ್ಮ ಮನೆಯಲ್ಲಿ ಇಬ್ಬರು ರೋಗಿಗಳು. ಒಬ್ಬರು ಚಾಪೆಯ ಮೇಲೆ, ಇನ್ನೊಬ್ಬರು ಕವುಚಿದ ಬಿದಿರು ಬುಟ್ಟಿ, ಮಂಕರಿಯ ಕೆಳಗೆ. ನಿಜ ಹೇಳಬೇಕೆಂದರೆ ಮಂಕರಿಯ ಕೆಳಗಿದ್ದ ರೋಗಿಗೇ ಉಪಚಾರ ಹೆಚ್ಚು. ಬೆಳಗ್ಗೆ ಎದ್ದರೆ ಅತ್ತೆ ಮಗನನ್ನು ಮಾತಾಡಿಸುವ ಮೊದಲು ಕೋಳಿಯನ್ನು ಮಾತಾಡಿಸುತ್ತಿದ್ದರು. ಇವರು ಮಲಗಿದಲ್ಲಿಂದಲೇ ನಗುತ್ತಿದ್ದರು: "ಅದು ಸತ್ರೆ ನನ್ನೂ ಹೂತಾಕ್ಬಿಡಮ್ಮ, ಒಂದೇ ಖರ್ಚು."

ಹನ್ನೆರಡನೇ ದಿನ ಅವನು ಬಂದು ಕೋಳಿಯ ಕಟ್ಟು ಬಿಚ್ಚಿದ. ಅದು ಅಂಗಳದಲ್ಲಿ ಓಡಿತು. ನೆರೆದವರೆಲ್ಲ ಹೋ ಎಂದರು. ಕೋಳಿಯ ಮೂಳೆ ಎಷ್ಟು, ಮನುಷ್ಯನ ಮೂಳೆ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇವರ ಕಟ್ಟನ್ನೂ ಬಿಚ್ಚಿ, ಲಕ್ಕಿ ಸೊಪ್ಪಿನ ಎಣ್ಣೆ ಹಾಕಿ ಬಲವಾಗಿ ನೀವಿ, ಎರಡು ತೋಳು ಹಿಡಿದು ನಿಲ್ಲಿಸಿದ. ಕಾಲು ನಡುವೆ ಬಾಗಿತು. ಇವರು ಕೂಗಿದ ಕೂಗು... ಅದನ್ನು ಹೇಳುವುದಿಲ್ಲ.

ಕಟ್ಟಿನವನು ಗಡ್ಡ ನೀವಿಕೊಂಡು ನನ್ನ ಕಡೆ ತಿರುಗಿದ. "ಏನಮ್ಮಾ, ಹುಳಿ ಕೊಟ್ಯಾ?"

ಕೊಟ್ಟಿದ್ದೆ. ಇವರು ಬೇಡಿದರು ಎಂದು ಒಂದೇ ಒಂದು ಹೋಳು ಮಾವಿನಕಾಯಿ, ಉಪ್ಪು ಹಚ್ಚಿ. ಸುಳ್ಳು ಹೇಳಲು ಬಾರದ ದಡ್ಡಿ, ಹೌದು ಅಂದುಬಿಟ್ಟೆ. ಅಲ್ಲಿಗೆ ಮುಗಿಯಿತು. ಗಂಡನ ಕಾಲು ತಿಂದವಳು ಎಂದು ಅತ್ತೆ ಎದೆ ಬಡಿದುಕೊಂಡರು. ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅವನು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮೂರು ದಿನ ಬಿಟ್ಟು ಇನ್ನೊಂದು ಕೋಳಿಯೊಂದಿಗೆ ಮತ್ತೆ ಕಟ್ಟು. ಮತ್ತೆ ಕೊಟ್ಟಿಗೆಯ ಹಿಂದೆ ಟಕ್. ಅವನು ಹೋದ ಮೇಲೆ ಸಗಣಿ ಬಾಚಲು ಹೋದಾಗ ಅಲ್ಲಿ ಬಿದ್ದಿತ್ತು ನೋಡಿ, ಒಣ ತೊಗರಿ ಕಡ್ಡಿ, ನಡುವೆ ಹೊಸದಾಗಿ ಮುರಿದದ್ದು. ನಾನು ಇನ್ನೊಂದು ಕಡ್ಡಿ ತೆಗೆದು ಮುರಿದೆ. ಅದೇ ಸದ್ದು.

ಅತ್ತೆಗೆ ಹೇಳಿದೆ. "ಮಾಡಿದ್ದು ಸಾಲ್ದೂಂತ ದೊಡ್ಡೋರ್ ಮೇಲೆ ಬೇರೆ ಹೇಳ್ತೀಯಾ? ಬಾಯ್ ಮುಚ್ಕೊಳೇ" ಅಂದರು. ಇವರಿಗೆ ಹೇಳಿದೆ. ಇವರು ಸೂರು ನೋಡುತ್ತಾ ಮಲಗಿದರು. ಹನ್ನೆರಡನೇ ದಿನ ಬಂದರೆ ಮತ್ತೆ ನಿಲ್ಲಿಸುತ್ತಾರೆ, ಮತ್ತೆ ಮುರಿಯುತ್ತದೆ. ಅದೊಂದೇ ನನ್ನ ತಲೆಯಲ್ಲಿ.

ಹನ್ನೆರಡನೇ ದಿನ ಅವನು ಬರುವ ಮೊದಲೇ, ಅತ್ತೆ ತೋಟಕ್ಕೆ ಹೋಗಿದ್ದಾಗ ಕೋಳಿಯನ್ನು ಕೊಯ್ದೆ. ಕಾಲುಗಳನ್ನು ಬೇಯಿಸಿ, ಮೂಳೆಗಳನ್ನು ಬಿಡಿಸಿ, ಎಲೆಯ ಮೇಲೆ ಇಟ್ಟೆ. ಮುರಿದು ಕೂಡಿದ ಮೂಳೆಯಲ್ಲಿ ಗಂಟು ಇರುತ್ತದೆ. ದನದ ಮೂಳೆ ಕಂಡವರಿಗೆಲ್ಲ ಅದು ಗೊತ್ತು. ಇಲ್ಲಿ ಎರಡು ಕಾಲಿನದೂ ನೂಲುವ ಕದಿರಿನ ಹಾಗೆ ನುಣ್ಣಗಿತ್ತು. ಅವನು ಬಂದ, ಹಿಂದೆ ಊರಿನ ಅರ್ಧ ಜನ, ಅತ್ತೆಯೂ.

"ಕೋಳಿ ಎಲ್ಲಮ್ಮಾ?"

"ಇಲ್ಲಿದೆ. ಯಾವ ಕಾಲು ಮುರಿದಿದ್ದೆ ತೋರ್ಸು."

ಅವನ ಮುಖ ಬಿಳಿಚಿಕೊಳ್ಳುತ್ತದೆ ಎಂದು ನಾನು ಕಾದೆ. ಅವನು ಆ ಮೂಳೆಯನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ.

"ನೋಡ್ರಪ್ಪಾ, ಗುರುತೇ ಇಲ್ಲ! ಹುಳಿ ಮುಟ್ಟದಿದ್ರೆ ಹಿಂಗೆ ಕೂಡ್ತದೆ."

ಜನ ಕೈ ಮುಗಿದರು. ನಮ್ಮ ಅತ್ತೆ ಎಲ್ಲರಿಗಿಂತ ಮೊದಲು ಮುಗಿದರು. ಕೋಳಿ ಕೊಂದ ತಪ್ಪಿಗೆ ನಾಳೆ ಇನ್ನೊಂದು ಕೋಳಿ ತರಬೇಕು, ನಾಳೆಯೇ ಕಟ್ಟು ಬಿಚ್ಚಿ ನಿಲ್ಲಿಸುತ್ತೇನೆ ಎಂದು ಹೇಳಿ ಅವನು ಹೋದ. ಹೋಗುವಾಗ ಬೆಂದ ಕಾಲನ್ನೂ ಬಿಡಲಿಲ್ಲ, ಕಟ್ಟಿಸಿಕೊಂಡು ಹೋದ.

ಅವನು ಹಣ್ಣು ಹಣ್ಣು ಮುದುಕನಾಗಿ ಹಾಸಿಗೆಯಲ್ಲೇ ಸತ್ತ. ಕಣ್ಣೀರು ಹಾಕಲು ಮುಳಬಾಗಿಲಿನ ಕಡೆಯಿಂದಲೂ ಗಾಡಿಗಳಲ್ಲಿ ಬಂದಿದ್ದರು, ಅವರಲ್ಲಿ ಕುಂಟರೂ ಇದ್ದರು. ನಾನು ಹೋಗಲಿಲ್ಲ. ಮೋಸ ಮಾಡಿದವನ ಮೇಲಿನ ಸಿಟ್ಟು ಎಂದೋ ಆರಿತು. ಕೈ ಮುಗಿದವರ ಮೇಲಿನದು ಇನ್ನೂ ಆರಿಲ್ಲ. ಮೊದಲ ಸಲ ಮುಗಿದವರಲ್ಲಿ ನಾನೂ ಒಬ್ಬಳು.

ಇವರ ಕಾಲು ಉಳಿಯಿತು, ಮೂಳೆ ಕೂಡಲಿಲ್ಲ. ಕೋಲಾರದ ಆಸ್ಪತ್ರೆಯವರು ತಿಂಗಳುಗಟ್ಟಲೆ ಪ್ಲಾಸ್ಟರಿನ ಕಟ್ಟು ಹಾಕಿ ನೋಡಿದರು. ಕೊನೆಗೆ, ಮುರಿದ ಕಡೆ ಸುಳ್ಳು ಕೀಲು ಆಗಿಬಿಟ್ಟಿದೆ, ಅಲುಗಾಡಿಸದೆ ಮೊದಲೇ ತಂದಿದ್ದರೆ ಕೂಡುತ್ತಿತ್ತು ಎಂದರು. ಚರ್ಮದ ಪಟ್ಟಿ, ಕಬ್ಬಿಣದ ಸರಳು ಕಟ್ಟಿಕೊಂಡೇ ನಲವತ್ತು ವರ್ಷ ತೋಟ ನೋಡಿಕೊಂಡರು. ಭಾರವೆಲ್ಲ ಹೊತ್ತು ಹೊತ್ತು ಎಡಮಂಡಿಯೂ ಸವೆಯಿತು. ಆ ಮಂಡಿ ಊದಿದಾಗ ನಾನು ಬಿಸಿನೀರಿನ ಬಟ್ಟೆ ಇಡುತ್ತಿದ್ದೆ, ಎಣ್ಣೆ ಮಾತ್ರ ಹಾಕುತ್ತಿರಲಿಲ್ಲ. ಈಗ ಅವರಿಲ್ಲ... ಆ ಸರಳು ಅಟ್ಟದ ಮೇಲಿದೆ. ಮೊಮ್ಮಗಳಿಗೆ ಹೇಳಿದ್ದೇನೆ, ಡಾಕ್ಟರು ಬೇರೆ ಮಂಡಿ ಹಾಕುವುದಾದರೆ ಹಾಕಲಿ.

ಕೋಳಿ ಕೊಯ್ದದ್ದರ ಮಾರನೆಯ ಬೆಳಗ್ಗೆ ನಾನು ಯಾರನ್ನೂ ಕೇಳಲಿಲ್ಲ. ಮಾವಿನಕಾಯಿ ತುಂಬಿಕೊಂಡು ಕೋಲಾರಕ್ಕೆ ಹೊರಟಿದ್ದ ಗಾಡಿಯನ್ನು ಬಾಗಿಲಲ್ಲೇ ಅಡ್ಡ ಹಾಕಿದೆ. ಗಾಡಿಯವನೂ ನಾನೂ ಸೇರಿ ಚಾಪೆಯ ಸಮೇತ ಇವರನ್ನು ಎತ್ತಿ ಕಾಯಿಯ ಮೇಲಿನ ಹುಲ್ಲಿನಲ್ಲಿ ಮಲಗಿಸಿದೆವು. ಅತ್ತೆ ಒಳಗಿನಿಂದ ಹೊಸ ಕೋಳಿ ಹಿಡಿದುಕೊಂಡು ಓಡಿ ಬಂದು, ಕಾಲು ಕತ್ತರಿಸುತ್ತಾರೆ ಕಣೇ ಎಂದು ಕೂಗಿದರು. ಗಾಡಿ ನಿಲ್ಲಲಿಲ್ಲ.

ಊರು ದಾಟಿದ ಮೇಲೆ ಇವರು ಕೇಳಿದರು, "ಎಲ್ಲಿಗೇ?"

"ಕೋಳಿ ಇಲ್ಲದ ಕಡೆಗೆ. ಸುಮ್ನೆ ಮಲಕ್ಕಳಿ" ಅಂದೆ. ಒಂದು ಮಾವಿನಕಾಯಿ ಒಡೆದು ಕೈಗೆ ಕೊಟ್ಟೆ.