ಯಾರ ಕಿವಿಗೆ ಯಾವ ದನಿ

ಅವರ ಎಡಗಿವಿಯಲ್ಲಿ ಸದಾ ಒಂದು ಕಪ್ಪು ಇಯರ್‌ಫೋನು ಇರುತ್ತಿತ್ತು. ಒಂದೇ. ಜೋಡಿಯ ಇನ್ನೊಂದನ್ನು ಅವರೇ ಕತ್ತರಿಸಿ ಬಿಸಾಕಿದ್ದರು. ಉಳಿದ ತಂತಿಯನ್ನು ಅಂಗಿಯ ಎರಡನೇ ಗುಂಡಿಗೆ ಹಳದಿ ನೂಲಿನಿಂದ ಬಿಗಿದುಕೊಂಡಿರುತ್ತಿದ್ದರು. ಅದು ಅಲ್ಲಿಂದ ಇಳಿದು ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಸೇರುತ್ತಿತ್ತು. ಬಲಗಿವಿ ಯಾಕೆ ಖಾಲಿ ಎಂದು ಹೊಸಬರು ಕೇಳಿದರೆ ಬೈಸಿಕೊಳ್ಳುತ್ತಿದ್ದರು. ಎಡಗಿವಿ ಕಂಪ್ಯೂಟರಿಗೆ, ಬಲಗಿವಿ ಮಕ್ಕಳಿಗೆ, ಇಷ್ಟು ತಿಳಿಯದವರಿಗೆ ಶಾಲೆಯಲ್ಲೇನು ಕೆಲಸ ಎನ್ನುವ ಧಾಟಿ.

ಅವರು ನಮ್ಮ ಇತಿಹಾಸದ ಮಾಸ್ತರು. ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಹುಟ್ಟೂರು ಮಾಸೂರು, ಕೆಲಸ ಸವಣೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ. ಆ ಊರಿನ ಹೆಸರು ಬೇಡ. ನಾನು ದುಂಡಸಿಯಿಂದ ಶಿಗ್ಗಾಂವಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಆ ಶಾಲೆಗೆ ಓದಲು ಹೋಗುತ್ತಿದ್ದೆ. ಬೇರೆ ಮಾಸ್ತರರು ಹಾಜರಿಗೆ ನಂಬರು ಕೂಗಿದರೆ ಇವರು ಹೆಸರು ಹಿಡಿದೇ ಕೂಗುತ್ತಿದ್ದರು, ಅದೂ ಬಾಯಿಪಾಠವಾಗಿ. ಒಂಬತ್ತನೇ ಇಯತ್ತೆಯಲ್ಲಿ ನಾವು ಹುಡುಗಿಯರೆಲ್ಲ ಸೇರಿ ಬೆಂಚು ಬದಲಿಸಿ ಕೂತು, ಒಬ್ಬಳ ಹೆಸರಿಗೆ ಇನ್ನೊಬ್ಬಳು ಹಾಜರಿ ಹೇಳಿದೆವು. ಕೊನೆಯ ಹೆಸರಿನ ತನಕ ಅವರು ಕೂಗುತ್ತಲೇ ಹೋದರು.

"ಜಾಗಾ ಬದಲಿ ಮಾಡಿದ್ರ ಮನಶ್ಯಾ ಬದಲಿ ಆಗ್ತಾನೇನು? ದನಿ ಎಲ್ಲಿ ಬಚ್ಚಿಡ್ತೀರಿ?" ಎಂದರು. ಆಮೇಲೆ ಯಾರು ಯಾರ ಹೆಸರಿಗೆ ಹೇಳಿದ್ದೆವು ಎಂಬುದನ್ನು ಒಂದೂ ತಪ್ಪದೆ ಹೇಳಿ, ಪೂರ್ತಿ ಪಿರಿಯಡ್ ನಮ್ಮನ್ನು ನಿಲ್ಲಿಸಿದರು.

ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದರಲ್ಲೂ ಯಾರಾದರೂ ಕನಿಕರ ತೋರಿಸಿದರೆ ಮುಗಿಯಿತು. ಒಮ್ಮೆ ಶಾಲೆಯ ಸಮಾರಂಭದಲ್ಲಿ ಹೆಡ್ ಮಾಸ್ತರರು, ಕಣ್ಣಿಲ್ಲದಿದ್ದರೂ ನಮ್ಮ ಮಾಸ್ತರರು ಎಂಥ ಫಲಿತಾಂಶ ತಂದಿದ್ದಾರೆ ನೋಡಿ ಎಂದು ಹೊಗಳತೊಡಗಿದರು. ಇವರು ಕುರ್ಚಿಯಿಂದ ಎದ್ದು, ದನಿ ಬಂದ ಕಡೆ ನೇರ ನಡೆದು ಹೋಗಿ, ಮೈಕು ಕಸಿದುಕೊಂಡರು.

"ಛಲೋ ಮಾಡಿದ್ರ ಮಾಸ್ತರ ಛಲೋ ಮಾಡ್ಯಾನ ಅನ್ರಿ. ತಪ್ಪು ಮಾಡಿದ್ರ ಮಾಸ್ತರ ತಪ್ಪು ಮಾಡ್ಯಾನ ಅನ್ರಿ. ನಡುವ ಕಣ್ಣಿನ ಮಾತು ತರಬ್ಯಾಡ್ರಿ."

ನನಗೆ ಎದ್ದು ನಿಂತು ಚಪ್ಪಾಳೆ ತಟ್ಟುವಷ್ಟು ಖುಷಿಯಾಗಿತ್ತು. ನನ್ನ ಸಿಟ್ಟಿನ ಸ್ವಭಾವ ನಮ್ಮವ್ವನ ಕಡೆಯಿಂದ ಬಂದದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ಅರ್ಧ ಮಾಸ್ತರರಿಂದ ಬಂದದ್ದು ಎಂದು ನನಗೆ ಗೊತ್ತು.

ಡಿಪ್ಲೊಮಾ ಮುಗಿಸಿ ಅದೇ ಶಾಲೆಗೆ ನಾನು ಕಂಪ್ಯೂಟರ್ ಕಲಿಸುವ ಅತಿಥಿ ಶಿಕ್ಷಕಿಯಾಗಿ ಬಂದೆ. ಅತಿಥಿ ಎಂದರೆ ವರ್ಷ ವರ್ಷ ಮೇಲಿನ ಕಚೇರಿಯ ಪಟ್ಟಿಯಲ್ಲಿ ಹೆಸರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಂದ ವಾರದಲ್ಲೇ ಮಾಸ್ತರರು ತಮ್ಮ ತಕರಾರು ಮುಂದಿಟ್ಟರು.

ಅವರ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಪ್ರೋಗ್ರಾಂ ಇತ್ತು. ಅದು ಎಡಗಿವಿಯಲ್ಲಿ ಓದುತ್ತಿರುವಂತೆಯೇ ಇವರು ಪಾಠ ಮಾಡುತ್ತಿದ್ದರು. ನಡುವೆ ಮಕ್ಕಳಿಗೆ ಹಳೆಯ ಭಾಷಣವನ್ನೋ ಲಾವಣಿಯನ್ನೋ ಕೇಳಿಸಲು ಸ್ಪೀಕರ್ ಡಬ್ಬಿಯೊಂದನ್ನು ಜೋಡಿಸಬೇಕಾಗುತ್ತಿತ್ತು. ಜೋಡಿಸಿದ್ದೇ ತಡ, ಆಪರೇಟಿಂಗ್ ಸಿಸ್ಟಂ ಇದ್ದಬದ್ದ ಸದ್ದನ್ನೆಲ್ಲ ಡಬ್ಬಿಗೆ ಕಳಿಸಿಬಿಡುತ್ತಿತ್ತು. ಹೊಸ ಅಳಿಯ ಬಂದ ಮನೆಯ ಹಾಗೆ, ಎಲ್ಲ ಉಪಚಾರ ಅವನಿಗೇ. ಮಾಸ್ತರರ ಕಿವಿಗೆ ಬರಬೇಕಾದ ದನಿಯೂ ಡಬ್ಬಿಯಲ್ಲಿ ಒದರುತ್ತಿತ್ತು. ಅವರಿಗೆ ಬಂದ ಸಂದೇಶ, ಮಕ್ಕಳ ಅಂಕ, ಮನೆಯವರ ಮಾತು, ಯಾವುದೂ ಅವರದಾಗಿ ಉಳಿಯುತ್ತಿರಲಿಲ್ಲ.

ಆ ಸಿಸ್ಟಂ ಪುಕ್ಕಟೆಯಾಗಿ ಸಿಗುವಂಥದ್ದು, ಅದರ ಕೋಡು ಯಾರು ಬೇಕಾದರೂ ಓದಿ ತಿದ್ದಬಹುದಾದದ್ದು. ಅದನ್ನು ನೋಡಿಕೊಳ್ಳುವ ದೂರದೇಶದ ಜನರಿಗೆ ನಾನು ತೊಂದರೆಯನ್ನು ವಿವರಿಸಿ ಬರೆದೆ. ಯಾವ ಸಾಧನಕ್ಕೆ ಸದ್ದು ಹೋಗುತ್ತಿದೆ ಎಂಬುದು ಪರದೆಯ ಮೂಲೆಯಲ್ಲಿ ಕಾಣುತ್ತದೆ, ಬಳಸುವವರು ನೋಡಿ ಬದಲಿಸಿಕೊಳ್ಳಬಹುದು ಎಂದು ಉತ್ತರ ಬಂತು. ಕಂಡರೆ ತಾನೆ ನೋಡುವುದು? ಕಣ್ಣು ಕಾಣದವರಿಗೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಓದುವಷ್ಟೂ ಪುರುಸೊತ್ತಿಲ್ಲದ ಜನಕ್ಕೆ ಕಣ್ಣಿದ್ದು ಏನು ಫಾಯದೆ ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಮಾಸ್ತರರು ನನಗಿಂತ ಹೆಚ್ಚು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ತಣ್ಣಗೆ, "ಕೋಡ್ ಎಲ್ಲಾರಿಗೂ ತೆರೆದೈತಿ ಅಂದೆಲ್ಲಾ ತಂಗಿ. ಹಂಗಾರ ನೀನ ಬರಿ," ಎಂದರು.

ಬರೆದೆ. ಮೂರು ತಿಂಗಳು ಹಿಡಿಯಿತು. ಶಾಲೆ ಬಿಟ್ಟ ಮೇಲೆ ಒಂದು ತಾಸು ಕೂತು ನಾನು ಬರೆಯುವುದು, ಅವರು ಕೇಳುವುದು. ಜೋಡಿ ಇಯರ್‌ಫೋನಿನ ಬಲಗಡೆಯದನ್ನು ಕತ್ತರಿಸಿದ್ದರಿಂದ ಬಲಕ್ಕೆ ಹೋಗುವ ಸದ್ದೆಲ್ಲ ನಷ್ಟವಾಗುತ್ತಿತ್ತು. ಎರಡನ್ನೂ ಕೂಡಿಸಿ ಎಡಕ್ಕೇ ಕೊಡುವಂತೆ ಬರೆದೆ. ದನಿ ಒಂದು ಉಸಿರು ತಡವಾದರೂ ಅವರಿಗೆ ಗೊತ್ತಾಗುತ್ತಿತ್ತು. ನನಗೆ ಕೇಳಿಸದ ತಪ್ಪನ್ನು ಅವರು ಹೇಳಿದಾಗ ನಾನು ಒಪ್ಪುತ್ತಿರಲಿಲ್ಲ. ನಮ್ಮ ಜಗಳ ಜೋರಾದಾಗ ಗುಮಾಸ್ತರು ಎದ್ದು ಬಂದು ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಆಮೇಲೆ ಅಳೆದು ನೋಡಿದರೆ ಪ್ರತಿಸಲವೂ ಅವರೇ ಸರಿ.

ಕೊನೆಗೊಂದು ದಿನ ಡಬ್ಬಿಯಲ್ಲಿ ಲಾವಣಿ ಹಾಡುತ್ತಿರುವಾಗ ಪ್ರೋಗ್ರಾಂ ಅವರ ಕಿವಿಯಲ್ಲಿ ಮಾತ್ರ ಪಾಠ ಓದಿತು. ನನಗೆ ಲಾವಣಿಯಷ್ಟೇ ಕೇಳಿಸಿತು. ಅವರು ತಲೆ ತಗ್ಗಿಸಿ ಬಹಳ ಹೊತ್ತು ಕೇಳಿದರು. ಚೀಲದಿಂದ ಕುರುಕಲು ಸವಣೂರು ಖಾರಾದ ಪೊಟ್ಟಣ ತೆಗೆದು, ಬಿಚ್ಚಿ, ಅರ್ಧ ನನ್ನ ಕಡೆ ಸರಿಸಿದರು. ಅವರ ಕೈಯಿಂದ ಖಾರಾ ಸಿಗುವುದು ಎಂಥ ಮರ್ಯಾದೆ ಎಂದು ಶಾಲೆಗೇ ಗೊತ್ತಿತ್ತು.

ನನ್ನ ಕೋಡಿನೊಳಗೆ ಒಂದು ತಪ್ಪಿತ್ತು. ಸಿಸ್ಟಂ ತನಗೆ ಸಿಕ್ಕ ಸಾಧನಗಳಿಗೆ ಸಿಕ್ಕ ಸರತಿಯಂತೆ ಸೊನ್ನೆ, ಒಂದು, ಎರಡು ಎಂದು ನಂಬರು ಕೊಡುತ್ತದೆ. ಲ್ಯಾಪ್‌ಟಾಪಿನ ಇಯರ್‌ಫೋನು ಯಾವಾಗ ನೋಡಿದರೂ ಸೊನ್ನೆ, ಡಬ್ಬಿ ಒಂದು. ಓದುವ ದನಿಯನ್ನು ಏನೇ ಆದರೂ ಸೊನ್ನೆಗೇ ಕಳಿಸು ಎಂದು ನಾನು ಬರೆದುಬಿಟ್ಟೆ. ಮಾಸ್ತರರು ಮೊದಲು ಲ್ಯಾಪ್‌ಟಾಪು ಶುರು ಮಾಡಿ ಆಮೇಲೆ ಡಬ್ಬಿ ಜೋಡಿಸುವ ಶಿಸ್ತಿನವರು. ಹಾಗಾಗಿ ಏಳು ತಿಂಗಳು ಏನೂ ಆಗಲಿಲ್ಲ. ಹೆಸರು ಹಿಡಿದು ಹಾಜರಿ ಹಾಕುವವರ ಕೈಯಲ್ಲಿ ಕಲಿತವಳು ನಂಬರನ್ನು ನಂಬಿದೆ ಎಂಬುದು ಇವತ್ತಿಗೂ ನನಗೆ ನುಂಗಲಾಗದ ತುತ್ತು.

ಮೇಲಿನ ಕಚೇರಿಯಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದ ದಿನ ನಮ್ಮ ಜವಾನರು, ಮಾಸ್ತರರಿಗೆ ಸಹಾಯವಾಗಲಿ ಎಂದು ಡಬ್ಬಿಯನ್ನು ಮೊದಲೇ ಜೋಡಿಸಿ ಆಮೇಲೆ ಲ್ಯಾಪ್‌ಟಾಪು ಶುರು ಮಾಡಿಟ್ಟರು. ಡಬ್ಬಿ ಮೊದಲು ಸಿಕ್ಕಿತು, ಸೊನ್ನೆ ನಂಬರು ಅದಕ್ಕಾಯಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಮಾಸ್ತರರು ಇಯರ್‌ಫೋನು ಸಿಕ್ಕಿಸಿ ಗುಂಡಿ ಒತ್ತಿದರು. ಪಾಠಕ್ಕಿಂತ ಮೊದಲು ತೆರೆದುಕೊಂಡದ್ದು ಅವರು ಬರೆಯುತ್ತಿದ್ದ ಒಂದು ದೂರು. ನಮ್ಮ ಶಾಲೆಯ ಕಣ್ಣು ಕಾಣದ ಇಬ್ಬರು ಮಕ್ಕಳಿಗೆ ಬ್ರೈಲ್ ಪುಸ್ತಕಗಳು ವರ್ಷ ಮುಗಿಯಲು ಬಂದರೂ ಬಂದಿರಲಿಲ್ಲ. ದೂರು ಇದೇ ಸಾಹೇಬರ ಮೇಲೆ.

ಡಬ್ಬಿ ಇಡೀ ವರ್ಗಕ್ಕೆ ಕೇಳುವಂತೆ ಓದಿತು: "ಮೂರು ಸಲ ತಿಳಿಸಿದರೂ ಅಲ್ಪವಿರಾಮ ಸದರಿ ಅಧಿಕಾರಿಗಳು ಕುರ್ಚಿ ಬಿಸಿ ಮಾಡಿದ್ದರ ಹೊರತು ಬೇರೇನೂ ಮಾಡಿರುವುದಿಲ್ಲ ಪೂರ್ಣವಿರಾಮ."

ಮಕ್ಕಳು ಹೋ ಎಂದು ನಕ್ಕರು. ಮಾಸ್ತರರು ದನಿಯನ್ನು ಇಯರ್‌ಫೋನಿಗೆ ತಿರುಗಿಸುವ ಗುಂಡಿಗಳನ್ನು ಒತ್ತಿದರು, ಸರಿಯಾಗಿಯೇ ಒತ್ತಿದರು. ಅವರು ತಿರುಗಿಸಿದಷ್ಟು ಸಲ ನನ್ನ ಕೋಡು ಅದನ್ನು ಸೊನ್ನೆಗೆ, ಅಂದರೆ ಡಬ್ಬಿಗೆ, ಎಳೆದು ತಂದಿತು. ಕೊನೆಗೆ ಡಬ್ಬಿಯ ತಂತಿಯನ್ನೇ ಕಿತ್ತರು. ಅಷ್ಟರಲ್ಲಿ ಇನ್ನೂ ನಾಲ್ಕು ಸಾಲು ಓದಿ ಆಗಿತ್ತು.

ಸಾಹೇಬರು ಸಹಿ ಮಾಡಿ, ಊಟ ಮಾಡಿ, ಹೋದರು. ವಾರದೊಳಗೆ ಪತ್ರ ಬಂತು. ಬೇಕೆಂದೇ ಮೇಲಧಿಕಾರಿಗೆ ಅವಮಾನ ಮಾಡಿದ್ದಾರೆ, ವಿಚಾರಣೆ ಮುಗಿಯುವ ತನಕ ಇವರು ಪಾಠ ಮಾಡಕೂಡದು, ಕಚೇರಿ ಕೋಣೆಯಲ್ಲಿ ಕೂರಬೇಕು. ಮಾತಾಡುವುದಕ್ಕಾಗಿಯೇ ಹುಟ್ಟಿದ ಮನುಷ್ಯನನ್ನು ಗುಮಾಸ್ತರ ಮೇಜಿನ ಪಕ್ಕ, ಕಪಾಟಿನ ಸಂದಿಯಲ್ಲಿ ಕೂರಿಸಿದರು. ಗೋಡೆಯಾಚೆ ಅವರ ಪಿರಿಯಡ್ಡಿನಲ್ಲಿ ಹಿಂದಿ ಶಿಕ್ಷಕರು ಗೈಡು ಹಿಡಿದು ಇತಿಹಾಸ ಓದುತ್ತಿದ್ದರು. ಅಲ್ಲಿ ರಾಜರ ಸರತಿ ತಪ್ಪಿದಾಗಲೆಲ್ಲ ಇವರು ಈಚೆಯಿಂದ ಕೋಲಿನಲ್ಲಿ ಗೋಡೆ ಬಡಿಯುತ್ತಿದ್ದರು.

ನಾನು ಹೋಗಿ, ತಪ್ಪು ನನ್ನ ಕೋಡಿನದು, ಸಾಹೇಬರ ಮುಂದೆ ಹೇಳಿ ಬರುತ್ತೇನೆ ಎಂದೆ. ಬೈಯುತ್ತಾರೆ ಎಂದು ಕಾದೆ. ಬೈಗುಳ ತಿನ್ನಬೇಕು ಎಂದು ಹಸಿದಿದ್ದೆ ಅಂತಲೇ ಹೇಳಬೇಕು. ಜೀವನವಿಡೀ ಕಂಡಕಂಡವರಿಗೆ ಬೈದ ಮನುಷ್ಯ ನನಗೆ ಮಾತ್ರ ಬೈಯಲಿಲ್ಲ.

"ನಿನ್ನ ನೌಕರಿ ಅವರ ಸಹೀ ಮ್ಯಾಲೆ ನಡದೈತಿ. ನಂದು ಪರ್ಮನೆಂಟ್. ಸುಮ್ಕ ಕುಂದರು. ಕೋಡ್ ಸರಿ ಮಾಡಿ ತಾ, ಬ್ಯಾರೆ ಏನೂ ಬ್ಯಾಡ."

ನಾನು ಸುಮ್ಮನೆ ಕೂತೆ. ಸಂಕೋಚವಿಲ್ಲದೆ ಬರೆಯುತ್ತೇನೆ: ನೌಕರಿಯ ಆಸೆಗೆ ಸುಮ್ಮನೆ ಕೂತೆ. ಪ್ರತಿಯೊಂದು ಸಾಧನವೂ ತನ್ನದೊಂದು ಗುರುತು ಹೊತ್ತಿರುತ್ತದೆ. ನಂಬರು ಬಿಟ್ಟು ಆ ಗುರುತನ್ನೇ ಕೇಳುವಂತೆ ತಿದ್ದಿದೆ. ಬರೀ ನಾಲ್ಕು ಸಾಲು. ಅದನ್ನು ಅವರು ಅದೇ ಕಚೇರಿ ಕೋಣೆಯಲ್ಲಿ ಎರಡು ದಿನ ಪರೀಕ್ಷಿಸಿದರು. ಡಬ್ಬಿ ಮೊದಲು, ಡಬ್ಬಿ ಆಮೇಲೆ, ಎರಡು ಡಬ್ಬಿ, ನಡುವೆ ಕಿತ್ತು ಮತ್ತೆ ಜೋಡಿಸಿ. ಒಂದು ಸಲವೂ ದನಿ ಅವರ ಕಿವಿ ಬಿಟ್ಟು ಹೊರಗೆ ಬರಲಿಲ್ಲ.

ಎರಡು ತಿಂಗಳಿಗೆ ಅವರನ್ನು ಎಚ್ಚರಿಕೆ ಕೊಟ್ಟು ಮತ್ತೆ ವರ್ಗಕ್ಕೆ ಕಳಿಸಿದರು. ಹೇಗಾಯಿತು ಎಂದು ಕೇಳಿದೆ. "ಏನೋ ಬರದ ಕೊಟ್ನಿ, ಮುಗೀತು," ಎಂದು ಮಾತು ಬದಲಿಸಿದರು. ಸಾಹೇಬರ ಮುಖಕ್ಕೆ ಹೊಡೆದಂತೆ ಬರೆದಿರುತ್ತಾರೆ ಎಂದು ನಾನು ಸ್ಟಾಫ್ ರೂಮಿನಲ್ಲೆಲ್ಲ ಬಡಾಯಿ ಕೊಚ್ಚಿಕೊಂಡೆ.

ಮರುವರ್ಷ ಮಾಸ್ತರರು ಮೈಯೆಲ್ಲ ಹಳದಿಯಾಗುವ ಕಾಮಣಿ ಬೇನೆಯಿಂದ ಹಾಸಿಗೆ ಹಿಡಿದವರು ಏಳಲಿಲ್ಲ. ಹಿಂದಿನ ಶನಿವಾರದ ತನಕ ಪಾಠ ಮಾಡಿದ್ದರು. ಶೋಕಸಭೆಗೆ ಅದೇ ಸಾಹೇಬರು ಬಂದು, ಕಣ್ಣಿಲ್ಲದಿದ್ದರೂ ಎಂದು ಶುರು ಮಾಡಿದರು. ಕಸಿದುಕೊಳ್ಳುವವರು ಇಲ್ಲದ ಮೈಕು ಅದು. ನಾನು ಎದ್ದು ಹೊರಗೆ ಬಂದೆ.

ತಿಂಗಳಾದ ಮೇಲೆ ಅವರ ಮನೆಯವರ ಪಿಂಚಣಿಗೆಂದು ಮಾಸ್ತರರ ಫೈಲನ್ನು ಸ್ಕ್ಯಾನ್ ಮಾಡಲು ಹೆಡ್ ಮಾಸ್ತರರು ನನ್ನ ಕೈಗೆ ಕೊಟ್ಟರು. ಹಾಳೆ ಮೇಲೆ ಹಾಳೆ ಇಡುತ್ತ ಹೋದಂತೆ ಅವರು ಬರೆದುಕೊಟ್ಟ ಹೇಳಿಕೆ ಸಿಕ್ಕಿತು.

"ನನಗೆ ಕಣ್ಣು ಕಾಣದ ಕಾರಣ ಯಾವ ಗುಂಡಿ ಒತ್ತುತ್ತಿದ್ದೇನೆ ಎಂದು ತಿಳಿಯದೆ ಈ ತಪ್ಪು ಆಗಿರುತ್ತದೆ. ಕಂಪ್ಯೂಟರಿನಲ್ಲಿ ಆಗಲಿ, ಅದನ್ನು ಸಿದ್ಧಪಡಿಸಿದವರಲ್ಲಿ ಆಗಲಿ ಯಾವ ದೋಷವೂ ಇರುವುದಿಲ್ಲ. ಅಂಗವಿಕಲನೆಂದು ಕರುಣೆ ತೋರಿ ಕ್ಷಮಿಸಬೇಕಾಗಿ ವಿನಂತಿ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕರುಣೆ ಎಂಬ ಮಾತನ್ನು ಯಾರ ಬಾಯಲ್ಲೂ ಸಹಿಸದ ಮನುಷ್ಯ ತಮ್ಮ ಬೆರಳಿನಿಂದ ಅದನ್ನು ಒತ್ತಿ ಬರೆದಿದ್ದರು, ಅದೂ ಸುಳ್ಳಿನ ನಡುವೆ, ಅದೂ ನನ್ನ ಸಲುವಾಗಿ. ಎದುರಿಗಿದ್ದರೆ ಅವರೊಡನೆ ಜಗಳವಾಡುತ್ತಿದ್ದೆ. ಯಾರು ಕೇಳಿದ್ದರು ನಿಮ್ಮನ್ನು ಎಂದು ಒದರುತ್ತಿದ್ದೆ. ತಾರೀಖು ನೋಡಿದೆ. ನಾನು ಕೋಡು ತಿದ್ದಿ ಕೊಟ್ಟ ಮರುವಾರದ್ದು. ಅವರು ಒತ್ತಿದ ಒಂದೊಂದು ಅಕ್ಷರವನ್ನೂ ಆ ಪ್ರೋಗ್ರಾಂ ಓದಿ ಹೇಳುತ್ತಿತ್ತು. ಮಗ್ಗುಲಲ್ಲಿ ಗುಮಾಸ್ತರು ಕೂತಿದ್ದರು, ಎರಡು ಕೋಣೆಯಾಚೆ ನಾನಿದ್ದೆ. ಆ ದಿನ ನನ್ನ ಕೋಡು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಅವರಿಗಲ್ಲದೆ ಇನ್ನೊಬ್ಬರಿಗೆ ಅದು ಕೇಳಿಸಲಿಲ್ಲ.

ಆ ಮಧ್ಯಾಹ್ನವೇ ನಾನೂ ಒಂದು ಹೇಳಿಕೆ ಬರೆದೆ. ತಪ್ಪು ಪ್ರೋಗ್ರಾಂ ಬರೆದ ನನ್ನದು, ಮಾಸ್ತರರು ಆ ದಿನ ಒತ್ತಿದ ಒಂದು ಗುಂಡಿಯೂ ತಪ್ಪಿರಲಿಲ್ಲ, ಇದನ್ನು ಅವರ ಹೇಳಿಕೆಯ ಹಿಂದೆಯೇ ಫೈಲಿನಲ್ಲಿ ಸೇರಿಸಬೇಕು ಎಂದು. ಹೆಡ್ ಮಾಸ್ತರರು ಓದಿ, "ಹೋದವರ ಸಲುವಾಗಿ ಇದ್ದ ನೌಕರಿ ಯಾಕ ಕಳಕೋತೀರಿ ಟೀಚರ್?" ಎಂದರು. ಅವರು ಕೆಟ್ಟವರಲ್ಲ. ಮೇಲಿನ ಕಚೇರಿಗೆ ಕಳಿಸಿರಿ ಸರ್ ಎಂದಷ್ಟೇ ಹೇಳಿದೆ.

ತಿದ್ದಿದ ಕೋಡನ್ನು ದೂರದೇಶದವರಿಗೂ ಕಳಿಸಿದೆ. ಪರೀಕ್ಷಿಸಿದವರ ಹೆಸರು ಬರೆಯುವ ಪದ್ಧತಿ ಅವರಲ್ಲಿದೆ. ಅಲ್ಲಿ ಮಾಸ್ತರರ ಪೂರ್ತಿ ಹೆಸರು ಬರೆದು, ಒಂದು ಗುಂಡಿಯೂ ತಪ್ಪಿರಲಿಲ್ಲ ಎಂಬ ಅದೇ ಸಾಲನ್ನು ಇಂಗ್ಲಿಷಿನಲ್ಲಿ ಸೇರಿಸಿದೆ. ಈ ಸಾಲು ಕೋಡಿಗೆ ಅಗತ್ಯವಿಲ್ಲವಲ್ಲ, ತೆಗೆಯಬಹುದೇ ಎಂದು ಕೇಳಿದರು. ತೆಗೆಯುವುದಾದರೆ ಕೋಡೂ ಬೇಡ ಎಂದು ಬರೆದೆ. ಇಟ್ಟುಕೊಂಡರು.

ಮೇಲಿನ ಕಚೇರಿಯಿಂದ ಉತ್ತರ ಬಂದಿಲ್ಲ. ಈ ವರ್ಷದ ಅತಿಥಿ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರೂ ಬರಲಿಲ್ಲ. ಶಿಗ್ಗಾಂವಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂರುತ್ತೇನೆ, ಹೊಟ್ಟೆಗೆ ಕಡಿಮೆಯಾಗಿಲ್ಲ. ನೌಕರಿ ಹೋದದ್ದಕ್ಕೆ ಸಿಟ್ಟಿಲ್ಲ. ಒಂದು ವರ್ಷ ಮೊದಲು, ಅವರು ಕಪಾಟಿನ ಸಂದಿಯಲ್ಲಿ ಕೂತಿದ್ದಾಗ, ಇದೇ ಒಂದು ಹಾಳೆ ಬರೆದುಕೊಟ್ಟಿದ್ದರೆ ಅವರು ಆ ಹಾಳೆ ಬರೆಯಬೇಕಾಗಿರಲಿಲ್ಲ. ಆ ಸಿಟ್ಟು ನನ್ನ ಮೇಲಿನದು. ಅದು ಇಳಿಯುವುದು ನನಗೆ ಬೇಕಾಗಿಲ್ಲ.