ತವರಲ್ಲಿ ಉಂಡು ಬಂದವರ ಸ್ಕ್ಯಾನ್

2022ರಲ್ಲಿ ನಾನು ಸಿಂದಗಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಎಲಾಸ್ಟೋಗ್ರಫಿ ಯಂತ್ರ ಆಗಷ್ಟೇ ನಮ್ಮಲ್ಲಿಗೆ ಬಂದಿತ್ತು. ಸೂಜಿ ಚುಚ್ಚಬೇಕಿಲ್ಲ, ಕೊಯ್ಯಬೇಕಿಲ್ಲ. ಯಂತ್ರದ ಹಿಡಿಕೆಯಂಥ ಪ್ರೋಬನ್ನು ಪಕ್ಕೆಲುಬಿನ ಸಂದಿಗೆ ಇಟ್ಟರೆ ಬೆರಳಿನಿಂದ ತಟ್ಟಿದಂತಾಗುತ್ತದೆ. ಆ ಕಂಪನ ಒಳಗೆ ಸಾಗುವ ವೇಗದಿಂದ ಒಂದು ಅಂಕಿ ಸಿಗುತ್ತದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಏಳರೊಳಗೆ ಇರುತ್ತದೆ. ಲಿವರ್ ಗಟ್ಟಿಯಾದಷ್ಟೂ ಏರುತ್ತದೆ.

ಸಿದರಾಯ ಬಸ್ ಸ್ಟ್ಯಾಂಡ್ ಹತ್ತಿರ ಅಂಗಿ ಹೊಲಿಯುತ್ತಿದ್ದರು. ಹೆಪಟೈಟಿಸ್ ಬಿ ಸೋಂಕು ಅವರ ಲಿವರನ್ನು ಕೆಡಿಸಿತ್ತು, ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಇನ್ನೊಬ್ಬರ ಲಿವರಿನ ಭಾಗವನ್ನು ಕಸಿ ಮಾಡುವುದೊಂದೇ ದಾರಿ ಎಂದು ದೊಡ್ಡ ಆಸ್ಪತ್ರೆಯ ತಜ್ಞರು ಹೇಳಿದ್ದರು. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಗರಖೇಡದಲ್ಲಿ ಅಂಗನವಾಡಿ ನಡೆಸುವ ತಂಗಿ ಗೌರವ್ವನವರದು ಹೊಂದಿತು, ಸೋಂಕೂ ಇರಲಿಲ್ಲ. ತಾನೇ ಕೊಡುತ್ತೇನೆಂದು ಅವರು ಅಣ್ಣನ ಮನೆಗೆ ಬಂದು ಉಳಿದರು.

ಉಂಡ ಮೇಲೆ ಲಿವರಿಗೆ ರಕ್ತದ ಹರಿವು ಹೆಚ್ಚಿ ಅಂಕಿ ಏರಬಹುದು. ಅದಕ್ಕೇ ಮೂರು ತಾಸು ಹೊಟ್ಟೆ ಖಾಲಿ ಇರಬೇಕೆಂದು ಮೊದಲೇ ತಿಳಿಸಿದ್ದೆವು. ದಾನ ಕೊಡುವಷ್ಟು ಲಿವರ್ ಚೆನ್ನಾಗಿದೆಯೇ ಎಂದು ಗೌರವ್ವನವರಿಗೆ ಸ್ಕ್ಯಾನ್ ಮಾಡಿದಾಗ ಅಂಕಿ ಹದಿನಾಲ್ಕು ಬಂತು. ಏನಾದರೂ ಉಂಡಿದ್ದೀರಾ ಎಂದು ಕೇಳಿದೆ. ಗೌರವ್ವ ಅಣ್ಣನ ಮುಖ ನೋಡಿದರು.

"ನಾನ ರೊಟ್ಟಿ ಉಣಿಸೀನ್ರಿ. ಇಕಿ ಒಲ್ಲೆ ಅಂದ್ಲು," ಎಂದರು ಸಿದರಾಯ. "ಹೆಣ್ಣಮಗಳು ತವರಮನಿಯಿಂದ ಹಸಕೊಂಡು ಹೊಂಟರ ಆ ಮನಿಗೆ ಚಲೋ ಆಗತೈತೇನ್ರಿ?"

"ಎದ್ದು ಕೂಡಾಕ ಆಗವಲ್ದು, ದಬಾಯಿಸೂದು ಮಾತ್ರ ಬಿಟ್ಟಿಲ್ರಿ ಇಂವಾ," ಎಂದು ಗೌರವ್ವ ನಕ್ಕರು. ಅಣ್ಣನೂ ನಕ್ಕರು.

ಆ ನಗು ನೆನಪಿದೆ. ಊಟದಿಂದ ಇಷ್ಟು ಏರುವುದು ಅಪರೂಪ ಎಂದು ನಾನು ಹೇಳಿದ್ದೂ ನೆನಪಿದೆ. ಎಷ್ಟು ಸ್ಪಷ್ಟವಾಗಿ ಹೇಳಿದೆ ಎಂಬ ವಿಷಯದಲ್ಲಿ ಮಾತ್ರ ನನ್ನ ನೆನಪನ್ನು ನಂಬಲಾರೆ. ಅವರು ಕೇಳಿಸಿಕೊಂಡದ್ದು ಇಷ್ಟೇ: ರೊಟ್ಟಿ ತಿಂದದ್ದಕ್ಕೆ ಹೀಗಾಗಿದೆ, ನಾಳೆ ಸರಿಹೋಗುತ್ತದೆ.

ಮರುದಿನ ಗೌರವ್ವ ಚಹಾ ಕೂಡ ಕುಡಿಯದೆ ಬಂದರು. ಅಂಕಿ ಹದಿಮೂರೂವರೆ. ಮತ್ತೆ ಪ್ರೋಬ್ ಇಟ್ಟೆ, ಹಾಗೆಯೇ ಬಂತು. ರಕ್ತ ಪರೀಕ್ಷೆಯಲ್ಲಿ ಯಾರಿಗೂ ತಿಳಿಯದಿದ್ದ ಸಕ್ಕರೆ ಕಾಯಿಲೆಯೂ ಹೊರಬಿತ್ತು. ವರ್ಷಗಳಿಂದ ಕೊಬ್ಬು ತುಂಬಿ, ಒಂದಿಷ್ಟೂ ನೋವು ಕೊಡದೆ, ಅವರ ಲಿವರ್ ಗಟ್ಟಿಯಾಗುತ್ತ ಬಂದಿತ್ತು. ಅದನ್ನು ಯಾರಿಗೂ ಕೊಡುವಂತಿರಲಿಲ್ಲ.

ತಂಗಿ ಉಳಿಯುತ್ತಾಳೆಯೇ ಎಂದು ಸಿದರಾಯ ಕೇಳಿದರು. ಔಷಧ, ಪಥ್ಯ ಸರಿಯಾಗಿ ಮಾಡಿದರೆ ಉಳಿಯುತ್ತಾರೆ ಎಂದೆ.

"ಹಂಗಾರ ನನ್ನ ಬ್ಯಾನಿ ಒಂದು ಕೆಲಸಕ್ಕ ಬಂತು ಬಿಡ್ರಿ."

ಬೇರೆ ದಾನಿ ಸಿಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಗೌರವ್ವ ಈಗಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ನನ್ನ ಬಳಿ ಬರುತ್ತಾರೆ. ಅಂಕಿ ಹತ್ತಕ್ಕೆ ಇಳಿದಿದೆ. ಮೂರು ತಾಸು ಸಾಕೆಂದರೂ ಹಿಂದಿನ ದಿನದಿಂದಲೇ ಉಪವಾಸ. ಸಕ್ಕರೆ ಕಾಯಿಲೆಯವರು ಹಾಗೆ ಮಾಡಬಾರದೆಂದು ಒಮ್ಮೆ ಬೈದೆ.

"ಅವತ್ತ ಆ ರೊಟ್ಟಿ ತಿನ್ನಬಾರದಿತ್ರಿ ನಾ," ಎಂದರು.

ಖಾಲಿ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಅದೇ ಅಂಕಿ ಬಂದಿತ್ತಲ್ಲ ಎಂದು ನೆನಪಿಸಿದೆ.

"ಗೊತ್ತೈತ್ರಿ ಸರ್ರ. ಆದ್ರೂ."

ಯಂತ್ರ ಎಲ್ಲಿ ತಪ್ಪಬಹುದೆಂದು ಹೇಳುವುದು ನಮ್ಮ ಕೆಲಸ. ತಪ್ಪಬಹುದು ಎನ್ನುವ ಆ ಸಣ್ಣ ಸಂದಿಯಲ್ಲಿ ಜನ ಮೊದಲು ಆಸೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಅಲ್ಲೇ ತಮ್ಮ ತಪ್ಪನ್ನೂ ಹುಡುಕುತ್ತಾರೆ ಎಂಬುದನ್ನು ಈ ವೃತ್ತಿ ನನಗೆ ತಡವಾಗಿ ಕಲಿಸಿತು. ಈಗ ಸ್ಕ್ಯಾನ್ ಮುಗಿದ ಕೂಡಲೇ ಗೌರವ್ವನವರಿಗೆ ರೊಟ್ಟಿ ತರಿಸುತ್ತೇನೆ. ಉಣ್ಣದೆ ಕಳಿಸುವುದಿಲ್ಲ ಎನ್ನುತ್ತೇನೆ. ಅರ್ಧ ತಿನ್ನುತ್ತಾರೆ.