ಸೀಟಿಯ ಕತ್ತಿನ ನರ

ಹಾಡಿನ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಹೊಟ್ಟೆಪಾಡು. ವರ್ಷಗಟ್ಟಲೆ ಹಾಡುವವರ ಬಾಯನ್ನು ಪರದೆಯ ಮೇಲೆ ದೊಡ್ಡದಾಗಿ ನೋಡಿ ನೋಡಿ, ಯಾರ ಯಾವ ಹಲ್ಲು ಹುಳುಕು ಎಂಬುದು ದಂತವೈದ್ಯರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹಾಗಾಗಿ ಹಾಡುಗಾರರ ಬಗ್ಗೆ ನನಗೆ ಭಕ್ತಿ ಗಿಕ್ತಿ ಏನೂ ಇಲ್ಲ. ಒಬ್ಬಳ ವಿಷಯದಲ್ಲಿ ಮಾತ್ರ ಇದೆ. ಅವಳನ್ನು ಎಲ್ಲರೂ ಸೀಟಿ ಎನ್ನುತ್ತಾರೆ.

ಸೀಟಿ ಮತ್ತು ಅವಳ ಅಕ್ಕ ಇಸ್ತ್ರಿ ಅಂಗಡಿಯವರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ ಅದು, ಚಾವಣಿ ಓರೆ. ಒಳಗೆ ಕಾಲಿಟ್ಟ ಗಿರಾಕಿ ತಲೆ ತಗ್ಗಿಸಿಯೇ ಮಾತಾಡಬೇಕು. ಎಂಥ ಜೋರಿನವನೂ ಅಲ್ಲಿ ವಿನಯವಂತನಾಗಿಬಿಡುತ್ತಿದ್ದ. ತಾಯಿ ತೀರಿಕೊಂಡಾಗ ಸೀಟಿಗೆ ಇನ್ನೂ ಹಾಲುಹಲ್ಲು. ಅಕ್ಕನೇ ಎತ್ತಿ ಆಡಿಸಿ, ಬೈದು ಬುದ್ಧಿ ಹೇಳಿ, ಕೊನೆಗೆ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟು ದೊಡ್ಡವಳನ್ನಾಗಿ ಮಾಡಿದಳು. ತಂಗಿ ಕೆಲಸ ಮಾಡುತ್ತಾ ಸಿಳ್ಳೆ ಹಾಕುತ್ತಿದ್ದಳು. ಮೇಲಿನ ಮಹಡಿಗಳವರು ತಮ್ಮ ಕುಕ್ಕರೇ ಕೂಗಿತೆಂದು ಎದ್ದು ಹೋಗಿ ಒಲೆ ಆರಿಸುತ್ತಿದ್ದರಂತೆ. ಹೆಸರು ಬಂದದ್ದು ಹಾಗೆ.

ಅಕ್ಕ ಹಾಡು ಬರೆಯುವವಳು. ಬರೆಯುತ್ತೇನೆ ಎಂದು ಕೂತು ಬರೆದದ್ದಲ್ಲ. ಬಟ್ಟೆ ಸುತ್ತಿ ಕೊಡುವ ಹಳೆಯ ಕಾಗದದ ಅಂಚಿನಲ್ಲಿ, ಪೆಟ್ಟಿಗೆ ಕಾಯುವಷ್ಟು ಹೊತ್ತಿನಲ್ಲಿ ನಾಲ್ಕು ಸಾಲು ಗೀಚುತ್ತಿದ್ದಳು. ಒಮ್ಮೆ ಅಂಥ ಕಾಗದ ಶರಟಿನ ಜೊತೆ ಗಿರಾಕಿಯ ಮನೆ ಸೇರಿತು. ಅದರಲ್ಲಿ "ನಿನ್ನ ಕಾಲರಿನ ಕೊಳೆಗೂ ನನ್ನ ಮೇಲೆ ಸಿಟ್ಟು" ಎಂದಿತ್ತು. ಅವನ ಹೆಂಡತಿ ಕಾಗದ ಹಿಡಿದು ಅಂಗಡಿಗೆ ಬಂದು ಇದೇನು ವಿಚಾರ ಎಂದು ಕೇಳಿದಳು. ಸೀಟಿ ಅದನ್ನು ಹಾಡಿಯೇ ತೋರಿಸಿದಳು. ಆ ಹೆಂಗಸು ಪೂರ್ತಿ ಕೇಳಿ, ಮರುದಿನ ತನ್ನ ತವರಿನವರ ಬಟ್ಟೆಯನ್ನೂ ಇಸ್ತ್ರಿಗೆ ತಂದು ಹಾಕಿದಳು.

ಸೀಟಿ ಮೊದಲು ಸಮಾರಂಭಗಳಲ್ಲಿ ಹಾಡುವ ಬ್ಯಾಂಡ್ ಸೇರಿದಳು. ಆಮೇಲೆ ಸ್ಟುಡಿಯೊಗಳಲ್ಲಿ ಟ್ರ್ಯಾಕ್ ಹಾಡುವ ಕೆಲಸ ಹಿಡಿದಳು. ಅಂದರೆ ದೊಡ್ಡ ಗಾಯಕಿ ಬರುವ ತನಕ ಅವಳ ಜಾಗದಲ್ಲಿ ಹಾಡಿಟ್ಟು, ಅವಳು ಬಂದ ಮೇಲೆ ತನ್ನ ದನಿಯನ್ನು ಅಳಿಸಲು ಬಿಟ್ಟು ಮನೆಗೆ ಹೋಗುವುದು. ಇನ್ನೊಬ್ಬರಾದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಇವಳು ಅದನ್ನೇ ಪಾಠಶಾಲೆ ಮಾಡಿಕೊಂಡಳು. ಹಾಗೆ ಕಲಿತ ಮೇಲೆ ಅಕ್ಕನ ಹಾಡೊಂದನ್ನು ತಾನೇ ಹಾಡಿ ಇಂಟರ್‌ನೆಟ್ಟಿಗೆ ಬಿಟ್ಟಳು. ಮೇಲಿನ ಮನೆಯಲ್ಲಿರುವವರನ್ನು ಎಂದೂ ನೋಡದೆ, ಅವರ ಹೆಜ್ಜೆ ಸದ್ದಿನಿಂದಲೇ ಅವರ ಸುಖದುಃಖ ತಿಳಿಯುವ ಹೆಂಗಸಿನ ಹಾಡು ಅದು. ಬಸ್ಸು, ಸಲೂನು, ತರಕಾರಿ ಅಂಗಡಿ, ಎಲ್ಲಿ ನೋಡಿದರೂ ಅದೇ ಹಾಡಾಯಿತು.

ಆಗ ಒಂದು ಕಂಪನಿ ಅವಳನ್ನು ಹುಡುಕಿಕೊಂಡು ಬಂತು. ನನ್ನ ಅವಳ ಪರಿಚಯವಾದದ್ದೂ ಆಗಲೇ, ಆ ಕಂಪನಿಯ ವಿಡಿಯೊಗಳನ್ನು ಜೋಡಿಸುವವನು ನಾನೇ ಆದ್ದರಿಂದ. ಹೆಜ್ಜೆ ಸದ್ದಿನ ಹಾಡಿಗೆ ಅವರು ಮಾಡಿಸಿದ ವಿಡಿಯೊ ನೋಡಬೇಕಿತ್ತು. ಸಮುದ್ರದ ದಂಡೆ, ಕೆಂಪು ಕಾರು, ಕಾರಿನ ಸುತ್ತ ಕುಣಿಯುವ ಒಂದು ಹಿಂಡು. ಮರಳಿನಲ್ಲಿ ಹೆಜ್ಜೆ ಸದ್ದು ಎಲ್ಲಿಂದ ಬರಬೇಕು? ಹಾಡಿಗೂ ಚಿತ್ರಕ್ಕೂ ಎಣ್ಣೆ ಸೀಗೆಕಾಯಿ. ನಾನು ಬಾಯಿ ಮುಚ್ಚಿಕೊಂಡು ಜೋಡಿಸಿ ಕೊಟ್ಟೆ. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಅಕ್ಕ ನೋಡಿ ನಕ್ಕಳಂತೆ. "ಕಣ್ಣು ಮುಚ್ಕೊಂಡು ಕೇಳಿದ್ರಾಯ್ತು ಬಿಡು" ಎಂದಳಂತೆ. ಹಾಗೆಯೇ ಕೇಳುತ್ತಿದ್ದಳು ಕೂಡ. ಮುಂದೆ ಬಂದ ಹಾಡುಗಳಿಗೂ ಇದೇ ಗತಿಯಾಯಿತು. ಸೀಟಿಗೆ ಹೆಸರು ಬಂತು, ಅಂಗಡಿಯ ಮುಂದೆ ಫೋಟೊ ತೆಗೆಸಿಕೊಳ್ಳುವವರು ಬಂದರು. ಆದರೂ ಕಾರ್ಯಕ್ರಮವಿಲ್ಲದ ದಿನ ಅವಳು ಓರೆ ಚಾವಣಿಯ ಕೆಳಗೆ ಪ್ಯಾಂಟಿನ ಗೆರೆ ಕೂರಿಸುತ್ತಲೇ ಇದ್ದಳು.

ಅಕ್ಕನ ಕಿವಿ ಕೈಕೊಟ್ಟಿದ್ದು ನಿಧಾನವಾಗಿ. ಮೊದಮೊದಲು ಗಿರಾಕಿಗಳು ಹೇಳಿದ್ದನ್ನು ಎರಡೆರಡು ಸಲ ಕೇಳುತ್ತಿದ್ದಳು. ಆಮೇಲೆ ಅವರ ಬಾಯನ್ನೇ ನೋಡತೊಡಗಿದಳು. ನರದ ತೊಂದರೆ, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಕಿವಿಗೆ ಹಾಕುವ ಮೆಷಿನ್ ತಂದರು. ಎದುರಿಗೆ ಕೂತು ಆಡಿದ ಮಾತಿಗೆ ಅದು ಒಂದಿಷ್ಟು ಆಯಿತು. ಹಾಡು ಮಾತ್ರ ಅದರಲ್ಲಿ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು. ಸ್ವಲ್ಪ ದಿನಕ್ಕೆ ಅದೂ ನಿಂತು, ಅಕ್ಕನಿಗೆ ಏನೂ ಕೇಳಿಸದಾಯಿತು.

ಅದೇ ಸಮಯದಲ್ಲಿ ಅಕ್ಕ ಒಂದು ಹಾಡು ಬರೆದು ಸೀಟಿಯ ಕೈಗಿಟ್ಟು, ಇದು ಕೊನೆಯದು ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, "ನೀನು ಹಾಡೋದು ಕೇಳೋಕೆ ಅಂತ ಬರೀತಿದ್ದೆ. ಇನ್ನು ಯಾಕೆ? ಬೇರೆಯವರು ಎಷ್ಟು ಜನ ಬರೀತಾರೆ, ಅವರದ್ದು ಹಾಡ್ಕೋ" ಎಂದಳಂತೆ.

ಇದನ್ನು ಹೇಳಲು ಸೀಟಿ ನನ್ನ ಎಡಿಟಿಂಗ್ ರೂಮಿಗೆ ಬಂದಿದ್ದಳು. ನಾನು ತಿಳಿಗೇಡಿಯ ಹಾಗೆ, ಬೇರೆ ಕವಿಗಳು ಸಿಗುತ್ತಾರೆ ಬಿಡಮ್ಮ ಎಂದೆ.

"ಹಾಡು ಸಿಗುತ್ತೆ ಎಡಿಟರಣ್ಣ, ಅದಲ್ಲ. ಬರೆಯೋದು ಬಿಟ್ರೆ ಅವಳು ಮಾತೂ ಬಿಡ್ತಾಳೆ. ಈಗಾಗ್ಲೇ ಅರ್ಧ ಬಿಟ್ಟಿದಾಳೆ. ಗಿರಾಕಿ ಬಂದ್ರೆ ಒಳಗಡೆ ತಿರುಗಿ ನಿಂತ್ಕೋತಾಳೆ. ನನ್ನ ಹಾಡು ಅವಳಿಗೆ ತಲುಪಬೇಕು. ಕಿವಿ ಇಲ್ಲ ಅಂದ್ರೆ ಕಣ್ಣಿದೆಯಲ್ಲ? ನೀವು ವಿಡಿಯೊ ಮಾಡೋರು, ದಾರಿ ಹೇಳಿ."

ದಾರಿ ಹೇಳಿದೆ. ಅಷ್ಟು ವರ್ಷ ಹಾಡಿಗೆ ಸಂಬಂಧವೇ ಇಲ್ಲದ ಚಿತ್ರ ಜೋಡಿಸಿದ್ದೆನಲ್ಲ, ಈಗ ಪದಪದಕ್ಕೂ ಚಿತ್ರ ಕೊಟ್ಟರಾಯಿತು ಎಂದುಕೊಂಡೆ. ಅಕ್ಕನ ಹೊಸ ಹಾಡು ಮನೆ ಬಿಟ್ಟು ಹೊರಡುವವಳದ್ದು. ಮೆಟ್ಟಿಲಲ್ಲಿ ಯಾರೋ ಕಾಯುತ್ತಿದ್ದಾರೆ, ಇವಳು ಒಳಗಿನಿಂದಲೇ ಹೇಳುತ್ತಿದ್ದಾಳೆ: "ಒಲೆ ಆರಿಸಿ, ನಲ್ಲಿ ನಿಲ್ಲಿಸಿ, ಕಿಟಕಿಯ ಕೊಂಡಿ ಸಿಕ್ಕಿಸಿ, ಒಣಗಿದ್ದನ್ನು ಒಳಗೆ ತಂದು, ಬಾಗಿಲು ಎಳೆದುಕೊಂಡು ಬರ್ತೀನಿ, ನೀನು ಹೋಗ್ತಾ ಇರು." ಎಲ್ಲವೂ ಒಂದೇ ಉಸಿರಿನ ಸಾಲು. ನಾವು ಒಲೆ ತೋರಿಸಿದೆವು, ನಲ್ಲಿ ತೋರಿಸಿದೆವು, ಕೊಂಡಿಯನ್ನಂತೂ ಎಷ್ಟು ಹತ್ತಿರದಿಂದ ತೋರಿಸಿದೆವೆಂದರೆ ಅದರ ತುಕ್ಕು ಎಣಿಸಬಹುದಿತ್ತು. ನಡುನಡುವೆ ಸೀಟಿಯ ಮುಖ. ಸಾಲದ್ದಕ್ಕೆ ಕೆಳಗೆ ದಪ್ಪ ಅಕ್ಷರದಲ್ಲಿ ಪದಗಳು. ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತು.

ಅಕ್ಕನನ್ನು ಕರೆತಂದು ತೋರಿಸಿದೆವು. ಅವಳು ಕೊನೆಯ ತನಕ ನೋಡಿ, "ಶಾಲೆ ಗೋಡೆಗೆ ಹಾಕೋ ಚಾರ್ಟ್ ಇದ್ದ ಹಾಗಿದೆ" ಎಂದಳು.

ಸೀಟಿಯ ಮುಖ ಸಣ್ಣದಾಯಿತು. ನನಗೆ ಮೈಯುರಿಯಿತು. ಅಕ್ಕನೆದುರು ಬಗ್ಗಿ, ಬಾಯಿ ಅಗಲಿಸಿ, "ಮತ್ತೇನಮ್ಮ ಬೇಕು ನಿಮಗೆ? ಒಂದು ಪದ ಬಿಡದೆ ತೋರಿಸಿದೀವಿ" ಎಂದೆ.

"ಪದ ನಾನೇ ಬರೆದಿದ್ದಲ್ವ? ಅದನ್ನ ನನಗೇ ಯಾಕೆ ತೋರಿಸ್ತೀರ?" ಎಂದಳು. ದನಿ ಎಷ್ಟಿದೆಯೆಂದು ಅವಳಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಮಾತು ತೀರಾ ಮೆಲ್ಲಗೆ ಬಂತು. "ಒಲೆ ಹೆಂಗಿರುತ್ತೆ ನಂಗೊತ್ತು. ಆ ಒಲೆ ಅನ್ನೋದನ್ನ ಇವಳು ಹೆಂಗೆ ಹಾಡಿದ್ಲು, ಎಲ್ಲಿ ಎಳೆದ್ಲು, ಎಲ್ಲಿ ನಿಂತ್ಲು, ಅದು ಗೊತ್ತಿಲ್ಲ. ಇದರಲ್ಲಿ ಇವಳು ಹಾಡ್ತಾನೂ ಇಲ್ಲ, ಬರೀ ಬಾಯಿ ಆಡಿಸ್ತಿದಾಳೆ. ಕತ್ತಿನ ನರ ಎದ್ದೇ ಇಲ್ಲ ನೋಡಿ."

ನೋಡಿದೆ. ಎದ್ದಿರಲಿಲ್ಲ. ನಮ್ಮ ಕಸುಬಿನ ಪದ್ಧತಿಯೇ ಅದು. ಹಾಡನ್ನು ಮೊದಲೇ ಸ್ಟುಡಿಯೊದಲ್ಲಿ ಹಾಡಿಟ್ಟಿರುತ್ತಾರೆ. ಶೂಟಿಂಗಿನಲ್ಲಿ ಅದನ್ನು ಸ್ಪೀಕರಿನಲ್ಲಿ ಹಾಕಿ, ಗಾಯಕರು ಸದ್ದಿಲ್ಲದೆ ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾರೆ. ಮುಖ ಸುಕ್ಕಾಗುವುದಿಲ್ಲ, ಎಷ್ಟು ಸಲ ತೆಗೆದರೂ ಗಂಟಲು ನೋಯುವುದಿಲ್ಲ. ಹಾಡಿನಲ್ಲಿ ಉಸಿರೆಳೆದುಕೊಳ್ಳುವ ಜಾಗ ಬಂದರೆ ನಮ್ಮಂಥ ಎಡಿಟರುಗಳು ಆ ಕ್ಷಣಕ್ಕೆ ಕೈಬಳೆಯನ್ನೋ ಹೂವಿನ ಕುಂಡವನ್ನೋ ತೋರಿಸಿಬಿಡುತ್ತೇವೆ, ಉಸಿರಾಡುವ ಬಾಯಿ ಚೆನ್ನಾಗಿ ಕಾಣುವುದಿಲ್ಲವೆಂದು. ಕಿವಿ ಕೇಳುವವರು ಯಾರೂ ಇದನ್ನು ಗಮನಿಸುವುದಿಲ್ಲ. ದನಿ ಬರುತ್ತಿರುತ್ತದೆ, ನಂಬಿಬಿಡುತ್ತಾರೆ. ಅಕ್ಕನಿಗೆ ದನಿ ಇರಲಿಲ್ಲ. ಅವಳ ಪಾಲಿಗೆ ಉಳಿದದ್ದು ತಂಗಿಯ ಸುಮ್ಮನೆ ಅಲ್ಲಾಡುವ ತುಟಿ.

ಸೀಟಿ ಅಕ್ಕನನ್ನು ಮನೆಗೆ ಕರೆದುಕೊಂಡು ಹೋದಳು. ಮರುದಿನ ನನ್ನನ್ನೂ ಕರೆದುಕೊಂಡು ಹೋಗಿ ಕಂಪನಿಯ ಮ್ಯಾನೇಜರ್ ಎದುರು ಕೂತು, ವಿಡಿಯೊ ಮತ್ತೆ ತೆಗೆಯಬೇಕು, ಈ ಸಲ ಕ್ಯಾಮೆರಾ ಮುಂದೆ ನಿಜವಾಗಿ ಹಾಡುತ್ತೇನೆ, ಮುಖ ಬಿಟ್ಟು ಬೇರೇನೂ ತೋರಿಸಬಾರದು, ಎಲ್ಲಿಯೂ ಕತ್ತರಿಸಬಾರದು ಎಂದಳು. ಮ್ಯಾನೇಜರ್ ಒಳ್ಳೆಯ ಮನುಷ್ಯನೇ. ಆದರೂ ಅವನ ಕಣ್ಣ ಮುಂದೆ ಕೆಂಪು ಕಾರು ಬಂದು ಹೋಗಿರಬೇಕು.

"ಮೇಡಂ, ಕ್ಯಾಮೆರಾ ಅಷ್ಟು ಹತ್ತಿರ ಇಟ್ಟು ನೀವು ಅಷ್ಟು ಜೋರಾಗಿ ಹಾಡಿದ್ರೆ ಕಿರುನಾಲಿಗೆ ಕಾಣುತ್ತೆ."

"ಕಾಣ್ಲಿ ಸರ್. ಅದೂ ಕೆಲಸ ಮಾಡ್ತಾ ಇರುತ್ತೆ."

"ಜನಕ್ಕೆ ನಿಮ್ಮನ್ನ ಹೀಗೆ ನೋಡಿ ಅಭ್ಯಾಸ ಇಲ್ಲ. ಹುಷಾರಿಲ್ವೇನೋ ಅಂದ್ಕೋತಾರೆ. ಹೆಸರು ಕೆಡುತ್ತೆ."

"ಕೆಟ್ಟರೆ ಇಸ್ತ್ರಿ ಇದೆ ಸರ್. ನಂಗಿರೋದು ಒಬ್ಬಳೇ ಅಕ್ಕ."

ಅವನು ನನ್ನ ಮುಖ ನೋಡಿದ. ನಾನು ಮೇಜಿನ ಮೇಲಿದ್ದ ನೀರು ಕುಡಿದೆ. ಕೊನೆಗೆ, ಇದೊಂದು ಸಲ ಎಂದು ಒಪ್ಪಿದ.

ಶೂಟಿಂಗ್ ಇಸ್ತ್ರಿ ಅಂಗಡಿಯಲ್ಲೇ ಆಯಿತು. ಸ್ಪೀಕರ್ ಇರಲಿಲ್ಲ. ವಾದ್ಯ ಅವಳ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಮಾತ್ರ. ಅಂಗಡಿಯಲ್ಲಿ ನಮಗೆಲ್ಲ ಕೇಳಿದ್ದು ಬರಿಯ ದನಿ. ಬಣ್ಣ ಬಳಿಯುವ ಹುಡುಗಿ ಪೌಡರ್ ಹಿಡಿದು ಬಂದಾಗ ಸೀಟಿ, ಬೆವರು ಒರೆಸಬೇಡ ಕಣಮ್ಮ ಎಂದಳು. ಮೊದಲ ಸಲ ಹಾಡಿದಾಗ ಅಭ್ಯಾಸಬಲದಿಂದ ಮುಖ ತಾನಾಗಿಯೇ ಚಂದ ಮಾಡಿಕೊಂಡಿತು. ಅವಳೇ ನಿಲ್ಲಿಸಿದಳು. ಎರಡನೆಯ ಸಲ ಆ ಉದ್ದದ ಸಾಲಿಗೆ ಬಂದಾಗ ಹುಬ್ಬು ಗಂಟಿಕ್ಕಿತು, ದವಡೆ ಸರಿಯಿತು, ಕತ್ತಿನ ನರ ಹಗ್ಗದ ಹಾಗೆ ಎದ್ದು ನಿಂತಿತು. ಎಷ್ಟೋ ಗಾಯಕಿಯರು ಹಾಡುವುದನ್ನು ನೋಡಿದ್ದೇನೆ. ಹಾಡು ಎಂಬುದು ಮೈಮುರಿಯುವ ಕೂಲಿ ಕೆಲಸ ಎಂದು ನನಗೆ ತಿಳಿದದ್ದು ಅಂದು. ಆ ಹೆಣ್ಣುಮಗಳ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ನನಗೆ ಅದರಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಕತ್ತರಿಸುವವನಿಗೆ ಕತ್ತರಿಸಬೇಡ ಎಂದರೆ ಕೈ ಎಷ್ಟು ತುರಿಸುತ್ತದೆಂದು ಆ ದಿನಗಳಲ್ಲಿ ಗೊತ್ತಾಯಿತು. ಶುರು ಮತ್ತು ಕೊನೆ ಸರಿಮಾಡಿ ಕೈ ಕಟ್ಟಿ ಕೂತೆ.

ಅಕ್ಕನಿಗೆ ತೋರಿಸುವ ದಿನ ಸೀಟಿ ನನ್ನ ಸ್ಪೀಕರುಗಳ ವೈರನ್ನೇ ಕಿತ್ತಳು. "ಅವಳಿಗೆ ಕೇಳದ್ದು ನಮಗೂ ಬೇಡ" ಎಂದಳು. ಮೂವರೂ ಸದ್ದಿಲ್ಲದೆ ಕೂತು ನೋಡಿದೆವು. ಸೀಟಿ ಪರದೆಯನ್ನು ನೋಡಲೇ ಇಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಇದೂ ತಲುಪದಿದ್ದರೆ ಇವಳಿಗೆ ಇನ್ನು ತೋರಿಸಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ. ಉದ್ದದ ಸಾಲು ಬಂತು. ಪರದೆಯ ಮೇಲೆ ಸೀಟಿ ಉಸಿರೆಳೆದುಕೊಂಡಾಗ ಅಕ್ಕನ ಎದೆಯೂ ಉಬ್ಬಿತು. ಒಲೆ, ನಲ್ಲಿ, ಕಿಟಕಿ ದಾಟುವ ತನಕ ಅವಳೂ ಉಸಿರು ಬಿಡಲಿಲ್ಲ.

ಮುಗಿದ ಮೇಲೆ, "ಇನ್ನೊಂದ್ ಸಲ" ಎಂದಳು.

ಮತ್ತೆ ಹಾಕಿದೆ. ಈ ಸಲ ನಡುವೆ ಕೈಯೆತ್ತಿ ನಿಲ್ಲಿಸಿದಳು. ಎದ್ದು ಹೋಗಿ ಪರದೆಯ ಮೇಲೆ ತಂಗಿಯ ಗಂಟಲಿನ ಹತ್ತಿರ ಬೆರಳಿಟ್ಟಳು.

"ಇಲ್ಲಿ ನೋಡು. ಕೊಂಡಿ ಸಿಕ್ಕಿಸಿ ಅನ್ನೋದಾದ್ಮೇಲೆ ನಿಂಗೆ ಉಸಿರು ಸಾಲ್ತಾ ಇಲ್ಲ. ಕದ್ದು ಎಳ್ಕೊಂಡಿದೀಯ."

ಸೀಟಿ ತಲೆಯಾಡಿಸಿದಳು. ಸ್ಟುಡಿಯೊದವರು, ಬ್ಯಾಂಡಿನವರು, ನಾನು, ಯಾರೊಬ್ಬರೂ ಅದನ್ನು ಕಂಡುಹಿಡಿದಿರಲಿಲ್ಲ.

"ಬರೆಯೋವಾಗ ನಂಗೆ ಹೊಳೀಲಿಲ್ಲ ಕಣೇ" ಎಂದಳು ಅಕ್ಕ. "ಮುಂದಿನ ಹಾಡಲ್ಲಿ ಸಾಲು ಚಿಕ್ಕದು ಮಾಡ್ತೀನಿ."

ಸೀಟಿ ಕಣ್ಣೊರೆಸಿಕೊಂಡು, ಅಕ್ಕನ ಎರಡೂ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು:

"ಬೇಡ ಅಕ್ಕ. ನೀನು ಉದ್ದಾನೇ ಬರಿ. ಉಸಿರು ನಾನು ನೋಡ್ಕೋತೀನಿ."